ಬೋರ್ಡು ಬರೆಸೋಕೆ ಮುಂಚೆ

ಕೆಲಸ ಕಲಿತಾಯ್ತು, ಇನ್ಯಾರ ಕೈ ಕೆಳಗೂ ದುಡಿಯಲ್ಲ, ಯಲಹಂಕದಲ್ಲೇ ಸ್ವಂತ ಎ.ಸಿ. ಅಂಗಡಿ ಇಡ್ತೀನಿ ಅಂತ ಹೊರಟಿದ್ದೀಯ. ಒಳ್ಳೇದು ಮರಿ. ನಿನ್ನ ಕೈ ಚೆನ್ನಾಗಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನೀನು ಬೆಸೆದ ತಾಮ್ರದ ಜಾಯಿಂಟ್ ನೋಡಿದ್ದೀನಿ, ತೊಟ್ಟೂ ಸೋರಲ್ಲ. ತೊಂದರೆ ಇರೋದು ಕೈಯಲ್ಲಲ್ಲ, ಕಾಲಲ್ಲಿ. ಅದು ಯಾವಾಗಲೂ ನಿನಗಿಂತ ಮುಂದೆ ಓಡುತ್ತೆ. ವಿಸಿಟಿಂಗ್ ಕಾರ್ಡು ಬಂದಾಯ್ತು, ಇನ್‌ಸ್ಟಾಗ್ರಾಂ ಪೇಜೂ ಆಯ್ತು. ಲೈಸೆನ್ಸ್ ಎಲ್ಲಪ್ಪಾ ಅಂದರೆ ‘ಅದನ್ನ ಆಮೇಲೆ ನೋಡ್ಕೊಳ್ಳೋಣ ಬಿಡಿ ತಾತ’ ಅಂತೀಯ.

ಆಮೇಲೆ ಅಂದರೆ ಯಾವಾಗ? ಮಾರ್ಚಿ ಬಂದರೆ ಫೋನು ಕೆಳಗಿಡೋಕೆ ಬಿಡುವಿರಲ್ಲ. 2024ರ ಏಪ್ರಿಲ್ 28ಕ್ಕೆ ನಮ್ಮ ಬೆಂಗಳೂರಲ್ಲಿ 38.5 ಡಿಗ್ರಿ ಆಯ್ತಲ್ಲ, ನೆನಪಿದೆಯಾ? ಅದಕ್ಕೂ ಮುಂಚೆ 2016ರ ಏಪ್ರಿಲ್‌ನಲ್ಲಿ 39.2 ಆಗಿತ್ತು. ಫ್ಯಾನೇ ಬೇಡ ಅಂತ ಜಂಬ ಕೊಚ್ಚಿಕೊಳ್ತಿದ್ದ ಸಹಕಾರನಗರದ ಮನೆಗಳೆಲ್ಲ ಈಗ ಗೋಡೆಗೆ ತೂತು ಹೊಡೆಸಿಕೊಂಡಿವೆ. ಅಂಥ ದಿನಗಳಲ್ಲಿ ನೀನು ಪಾಲಿಕೆ ಕಚೇರಿ ಮೆಟ್ಟಿಲು ಹತ್ತುತ್ತೀಯ? ಹತ್ತಲ್ಲ. ಅದಕ್ಕೇ ಈಗ, ಗಿರಾಕಿ ಇಲ್ಲದ ಹೊತ್ತಲ್ಲಿ ಕೇಳಿಸಿಕೋ.

ಮೊದಲನೇ ಮಾತು. ‘ಎ.ಸಿ. ಕಂಟ್ರಾಕ್ಟರ್ ಲೈಸೆನ್ಸ್’ ಅಂತ ಒಂದೇ ಒಂದು ಕಾರ್ಡು ನಮ್ಮಲ್ಲಿಲ್ಲ. ಯಾರಾದರೂ ಏಜೆಂಟು ಅದನ್ನ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳಿದರೆ ನಮಸ್ಕಾರ ಹಾಕಿ ಎದ್ದು ಬಾ. ಅಮೆರಿಕದಲ್ಲಿ ಬೇರೆ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಸಿ-20 ಅನ್ನೋ ಲೈಸೆನ್ಸೇ ಇದೆ. ನಾಲ್ಕು ವರ್ಷ ಕೆಲಸ ಮಾಡಿದ ಅನುಭವ ತೋರಿಸಬೇಕು, ಪರೀಕ್ಷೆ ಬರೀಬೇಕು, 25,000 ಡಾಲರಿನ ಬಾಂಡು ಇಡಬೇಕು. ಗ್ಯಾಸು ಮುಟ್ಟೋನಿಗೆ ಅದರ ಮೇಲೆ ಇನ್ನೊಂದು ಸರ್ಟಿಫಿಕೇಟು. ಇಲ್ಲಿ ಆ ಥರ ಬಾಗಿಲು ಕಾಯೋರು ಯಾರೂ ಇಲ್ಲ. ಸ್ಪ್ಯಾನರು ಹಿಡಿದೋರೆಲ್ಲ ಮೆಕ್ಯಾನಿಕ್ಕೇ. ಅದು ನಿನಗೆ ಅನುಕೂಲ ಅಂತ ಕಾಣುತ್ತೆ, ಆದರೆ ನಿನ್ನ ಪಕ್ಕದ ರಸ್ತೆಯ ಅರೆಬೆಂದ ಹುಡುಗನಿಗೂ ಅಷ್ಟೇ ಅನುಕೂಲ. ಅವನಿಗೂ ನಿನಗೂ ಏನು ವ್ಯತ್ಯಾಸ ಅಂತ ಗಿರಾಕಿಗೆ ತೋರಿಸೋದು ಹೇಗೆ? ನಾಲ್ಕಾರು ಕಡೆ ಹರಡಿರೋ ಸಣ್ಣ ಸಣ್ಣ ಕಾಗದಗಳಿಂದ, ಆಮೇಲೆ ಬಿಲ್ಲಿನಿಂದ.

ಶುರು ಮಾಡೋದು ಅಂಗಡಿಯಿಂದ. ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ, ನೀನು ಹೂಂ ಅಂತೀಯ. ತಡಿ. ಆ ರಸ್ತೆ ವಸತಿ ರಸ್ತೆನಾ, ವ್ಯಾಪಾರಕ್ಕೆ ಅವಕಾಶ ಇರೋ ರಸ್ತೆನಾ? ಯಲಹಂಕ ನ್ಯೂ ಟೌನಿನ ಒಳಗಿನ ಅಡ್ಡರಸ್ತೆಯಲ್ಲಿ ಬಾಡಿಗೆ ಕಮ್ಮಿ ಅಂತ ಹೋಗಿ ಕೂತರೆ ಟ್ರೇಡ್ ಲೈಸೆನ್ಸ್ ಕೇಳೋವಾಗ ತಕರಾರು ಬರುತ್ತೆ. ಬರದಿದ್ದರೂ ಮೇಲಿನ ಮನೆಯ ಯಜಮಾನರು ನಿನ್ನ ಜೆಟ್ ಪಂಪಿನ ಸದ್ದಿಗೆ ಅರ್ಜಿ ಬರೀತಾರೆ. ಅಡ್ವಾನ್ಸ್ ಕೊಡೋಕೆ ಮುಂಚೆ ಮಾಲೀಕರ ಹತ್ರ ಖಾತೆ, ಆಸ್ತಿ ತೆರಿಗೆ ರಸೀದಿ ಕೇಳು. ಕೊಡೋಕೆ ಹಿಂದೆ ಮುಂದೆ ನೋಡಿದರೆ ಆ ಅಂಗಡಿ ಬೇಡ. ಬಾಡಿಗೆ ಕರಾರು ಸ್ಟ್ಯಾಂಪ್ ಪೇಪರಿನ ಮೇಲೇ ಇರಲಿ, ಯಾಕಂದ್ರೆ ಮುಂದೆ ಹೋದ ಕಡೆಯೆಲ್ಲ ಅದೇ ಕಾಗದ ಕೇಳ್ತಾರೆ.

ಟ್ರೇಡ್ ಲೈಸೆನ್ಸ್ ಪಾಲಿಕೆಯದು. ಯಾವ ಪಾಲಿಕೆ ಅಂತ ಕೇಳು ಮೊದಲು. ಬಿಬಿಎಂಪಿ ಹೋಯ್ತು. 2025ರ ಸೆಪ್ಟೆಂಬರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾಗಿವೆ. ಯಲಹಂಕ, ಹೆಬ್ಬಾಳ, ಆರ್‌.ಟಿ.ನಗರದ ಕಡೆಯವರು ಉತ್ತರ ಪಾಲಿಕೆಗೆ ಬರ್ತಾರೆ. ಯಶವಂತಪುರದ ಸುತ್ತ ಅಂಗಡಿ ಹಿಡಿದರೆ ವಾರ್ಡು ಯಾವುದು, ಪಾಲಿಕೆ ಯಾವುದು ಅಂತ ಕರಾರಿಗೆ ಮುಂಚೆಯೇ ಖಚಿತ ಮಾಡಿಕೋ. ಹಳೇ ಏಜೆಂಟುಗಳು ಇನ್ನೂ ಹಳೇ ಕಚೇರಿಗೇ ಕರ್ಕೊಂಡು ಹೋಗಿ ಕೂರಿಸ್ತಾರೆ.

ಇನ್ನೊಂದು ಕಾರ್ಮಿಕ ಇಲಾಖೆಯದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಅದರ ಪ್ರಕಾರ ಅಂಗಡಿ ತೆರೆದ ಮೂವತ್ತು ದಿನದೊಳಗೆ ನೋಂದಣಿ ಆಗಬೇಕು. ಆನ್‌ಲೈನಲ್ಲೇ ಆಗುತ್ತೆ, ಶುಲ್ಕ ಕೆಲಸಗಾರರ ಸಂಖ್ಯೆಗೆ ತಕ್ಕಂತೆ. ನೀನೂ ಒಬ್ಬ ಹೆಲ್ಪರೂ ಇರೋ ಅಂಗಡಿಗೆ ಅದೇನು ಭಾರ ಅಲ್ಲ. ವೃತ್ತಿ ತೆರಿಗೆ ವರ್ಷಕ್ಕೆ ಹೆಚ್ಚೆಂದರೆ ₹2,500, ಅದನ್ನ ಮರೀಬೇಡ. ಬ್ಯಾಂಕಲ್ಲಿ ಕರೆಂಟ್ ಅಕೌಂಟ್ ತೆರೆಯೋಕೆ ಹೋದರೆ ಇವುಗಳಲ್ಲಿ ಒಂದೆರಡನ್ನ ಕೇಳೇ ಕೇಳ್ತಾರೆ.

ಬೋರ್ಡಿನ ವಿಷಯ. ‘ಕೂಲ್ ಟೆಕ್ ಸೊಲ್ಯೂಷನ್ಸ್’ ಅಂತ ಇಂಗ್ಲಿಷಲ್ಲಿ ದೊಡ್ಡದಾಗಿ ಬರೆಸಿ, ಕನ್ನಡವನ್ನ ಮೂಲೆಯಲ್ಲಿ ಇರುವೆ ಸಾಲಿನಂತೆ ಹಾಕಿಸಬೇಕು ಅಂತಿದ್ದೀಯಲ್ಲ, ಆ ಡಿಸೈನ್ ಹರಿದು ಹಾಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನೋದು 2024ರಿಂದ ಕಾನೂನು. ಕಾನೂನು ಪಕ್ಕಕ್ಕಿಡು, ಅಟ್ಟೂರು ಲೇಔಟಿನ ಅಜ್ಜಿ ನಿನ್ನ ಬೋರ್ಡನ್ನ ಓದೋಕಾಗಬೇಕೋ ಬೇಡವೋ? ಅವರೇ ಕಣೋ ಸರ್ವೀಸ್‌ಗೆ ಕರೆಯೋರು. ಮಗ ಡಲ್ಲಾಸಿನಿಂದ ಎ.ಸಿ. ಬುಕ್ ಮಾಡಿ ಕಳಿಸಿರ್ತಾನೆ, ನೀರು ಸೋರಿದಾಗ ನೋಡ್ಕೊಳ್ಳೋರು ಅವರು.

ಈಗ ನಿಜವಾಗಿ ಪ್ರಾಣಕ್ಕೆ ಸಂಬಂಧಪಟ್ಟ ಕಾಗದಕ್ಕೆ ಬರೋಣ. ವಿದ್ಯುತ್ತು. ಇದ್ದ ಪಾಯಿಂಟಿಗೆ ಒಂದು ಎ.ಸಿ. ಸಿಕ್ಕಿಸೋದು ಬೇರೆ, ಮೀಟರ್ ಬೋರ್ಡಿನಿಂದ ಹೊಸ ಲೈನು ಎಳೆಯೋದು ಬೇರೆ. ಮೊದಲನೆಯದು ಮನೆಬಳಕೆ ವಸ್ತು ಬದಲಾಯಿಸಿದ ಹಾಗೆ. ಎರಡನೆಯದನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರೇ ಮಾಡಿಸಬೇಕು. ಸೂಪರ್‌ವೈಸರ್ ಪರ್ಮಿಟ್ ಇರೋನು ನೋಡ್ಕೋಬೇಕು, ವೈರ್‌ಮನ್ ಪರ್ಮಿಟ್ ಇರೋನು ಕೈ ಹಾಕಬೇಕು. ಈ ಕಾಗದ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ, ಬೆಸ್ಕಾಂ ಅಲ್ಲ. ನೀನೇ ಮುಂದೆ ಪರ್ಮಿಟ್ ತಗೊಳ್ಳೋದು ಒಳ್ಳೇದು. ಅಲ್ಲೀವರೆಗೆ ಲೈಸೆನ್ಸ್ ಇರೋ ಒಬ್ಬರನ್ನ ಗುರುತು ಮಾಡಿಟ್ಟುಕೋ. ಅವರಿಗೆ ಕೊಡೋ ದುಡ್ಡನ್ನ ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ತೋರಿಸು. ‘ವೈರಿಂಗು ನಾನೇ ಮಾಡ್ಬಿಡ್ತೀನಿ ಮೇಡಂ’ ಅಂತ ದೊಡ್ಡಸ್ತಿಕೆ ಬೇಡ. ಎರಡು ವರ್ಷ ಆದಮೇಲೆ ಆ ಬೋರ್ಡು ಸುಟ್ಟರೆ ಮೊದಲು ಹುಡುಕೋದು ನಿನ್ನ ಹೆಸರನ್ನ.

ಹಾಗೆಯೇ ಮನೆಯವರಿಗೆ ಮುಂಚೆಯೇ ಹೇಳಬೇಕಾದ ಮಾತೊಂದಿದೆ. ಯಾರೂ ಹೇಳಲ್ಲ. 200 ಯೂನಿಟ್‌ವರೆಗೆ ಪುಕ್ಕಟೆ ವಿದ್ಯುತ್ ಕೊಡೋ ಗೃಹಜ್ಯೋತಿ ಇರೋ ಮನೆಗೆ ಎ.ಸಿ. ಹಾಕಿಸೋವಾಗ ಲೆಕ್ಕ ಬಿಡಿಸಿ ತೋರಿಸು. ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದು ಯೂನಿಟ್ ತಿಂತು ಅಂತಿಟ್ಟುಕೋ, ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್ ಎ.ಸಿ.ಯದ್ದೇ ಆಯ್ತು. ಇನ್ವರ್ಟರ್ ಎ.ಸಿ. ಆದರೆ ಕಮ್ಮಿ ಆಗಬಹುದು, ಆದರೂ ಫ್ರಿಜ್ಜು, ಮಿಕ್ಸಿ, ಗೀಸರು ಸೇರಿಸಿದರೆ 200 ದಾಟೋದು ಕಷ್ಟ ಏನಲ್ಲ. 200 ದಾಟಿತು ಅಂದರೆ ಪೂರ್ತಿ ಬಿಲ್ಲು ಕೈಗೆ ಬರುತ್ತೆ, ಮೇಲಿನ ನಲವತ್ತು ಯೂನಿಟ್ಟಿನದ್ದು ಮಾತ್ರ ಅಲ್ಲ. ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಅಂತಲೂ ಬಿಲ್ಲಿನ ಮೇಲೇ ಇರುತ್ತೆ, ಓದು. ಹೀಗೆ ಹೇಳಿದರೆ ಒಬ್ಬಿಬ್ಬರು ಎ.ಸಿ. ಬೇಡ ಅಂದುಬಿಡ್ತಾರೆ ನಿಜ. ಆದರೆ ಅವರೇ ಇನ್ನು ನಾಲ್ಕು ಮನೆಗೆ ‘ಆ ಹುಡುಗ ಸುಳ್ಳು ಹೇಳಲ್ಲ’ ಅಂತಾರೆ. ಅದಕ್ಕಿಂತ ಅಗ್ಗದ ಜಾಹೀರಾತು ನಾನಂತೂ ಕಂಡಿಲ್ಲ.

ಗ್ಯಾಸಿನ ಮಾತು ಇನ್ನೂ ಮುಖ್ಯ. ನಾನು ಕೆಲಸಕ್ಕೆ ಬಂದಾಗ ಆರ್-22 ಒಂದು ಗೊತ್ತಿದ್ದರೆ ಸಾಕಿತ್ತು. ಈಗ ಅದರ ಕಾಲ ಮುಗೀತಾ ಬಂತು. ಅದು ಓಝೋನ್ ಪದರ ತಿನ್ನುತ್ತೆ ಅಂತ 2025ರಿಂದ ಹೊಸ ಯಂತ್ರಕ್ಕೆ ಹಾಕೋ ಹಾಗಿಲ್ಲ, 2030ಕ್ಕೆ ಹೆಚ್ಚುಕಮ್ಮಿ ಪೂರ್ತಿ ನಿಲ್ಲುತ್ತೆ. ಆರ್.ಟಿ.ನಗರ, ಗಂಗಾನಗರದ ಹಳೇ ಮನೆಗಳಲ್ಲಿ ಇನ್ನೂ ಇದೆ, ಸಿಗೋ ಗ್ಯಾಸೂ ಅಷ್ಟೇ, ಬರ್ತಾ ಬರ್ತಾ ಕಲಬೆರಕೆ. ಅದರ ಬದಲಿಗೆ ಅಂತ ಯಾವುದೋ ಹೊತ್ತಿಕೊಳ್ಳೋ ಗ್ಯಾಸನ್ನ ಹಳೇ ಯಂತ್ರಕ್ಕೆ ತುಂಬೋ ಜಾಣರಿದ್ದಾರೆ. ನೀನು ಆ ಜಾಣರ ಸಾಲಿಗೆ ಸೇರಬೇಡ.

ಆರ್-32 ಈಗ ಮನೆಮನೆಗೂ ಬಂದಿದೆ. ಅದು ಸ್ವಲ್ಪ ಹೊತ್ತಿಕೊಳ್ಳೋ ಜಾತಿ. ಆರ್-290 ಅಂದರೆ ಪ್ರೊಪೇನು, ಮನೆಯ ಸಿಲಿಂಡರಿನ ಅಣ್ಣತಮ್ಮ, ಚೆನ್ನಾಗೇ ಹೊತ್ತಿಕೊಳ್ಳುತ್ತೆ. ಆರ್-410ಎ ಹೊತ್ತಿಕೊಳ್ಳಲ್ಲ, ಆದರೆ ಒತ್ತಡ ಆರ್-22ರ ಒಂದೂವರೆ ಪಟ್ಟಿಗೂ ಮೇಲೆ. ನಿನ್ನ ಹಳೇ ಗೇಜು, ಹಳೇ ಹೋಸು ಅದನ್ನ ತಡಿಯಲ್ಲ. ಅದಕ್ಕೇ ಹೇಳೋದು, ಬಂಡವಾಳ ಹಾಕೋದಾದರೆ ಮೊದಲು ಉಪಕರಣಕ್ಕೆ ಹಾಕು, ಅಂಗಡಿಯ ಗಾಜಿನ ಬಾಗಿಲಿಗಲ್ಲ. ಒಳ್ಳೇ ವ್ಯಾಕ್ಯೂಮ್ ಪಂಪು, ತೂಕದ ಮಾಪಕ, ನೈಟ್ರೋಜನ್ ಸಿಲಿಂಡರು ರೆಗ್ಯುಲೇಟರ್ ಸಮೇತ, ಟಾರ್ಕ್ ರೆಂಚು, ಕ್ಲ್ಯಾಂಪ್ ಮೀಟರ್, ಸೇಫ್ಟಿ ಬೆಲ್ಟು. ಎಸ್‌ಜೆಪಿ ರೋಡಿಗೆ ಹೋಗಿ ಚೌಕಾಸಿ ಮಾಡು, ಬೇಡ ಅನ್ನಲ್ಲ. ಆದರೆ ಪಂಪಿನ ಮೇಲೆ ಮಾತ್ರ ಚೌಕಾಸಿ ಮಾಡಬೇಡ.

ನಮ್ಮೋರಲ್ಲಿ ಒಂದು ಕೆಟ್ಟ ಚಾಳಿ ಇದೆ. ವ್ಯಾಕ್ಯೂಮ್ ಹಾಕೋಕೆ ಅರ್ಧ ಗಂಟೆ ಹೋಗುತ್ತೆ ಅಂತ, ಯಂತ್ರದೊಳಗಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರಹಾಕಿ ‘ಆಯ್ತು ಸಾರ್’ ಅಂದುಬಿಡೋದು. ಗ್ಯಾಸು ಪೋಲು, ಪೈಪಿನೊಳಗೆ ತೇವ ಹಾಗೇ ಉಳಿಯುತ್ತೆ, ಮುಂದಿನ ಬೇಸಿಗೆಗೆ ಕಂಪ್ರೆಸರ್ ಕೂತುಬಿಡುತ್ತೆ. ಅದಕ್ಕಿಂತ ಕೆಟ್ಟದ್ದು, ಲೀಕ್ ನೋಡೋಕೆ ಬ್ರೇಜಿಂಗಿನ ಆಕ್ಸಿಜನ್ ತುಂಬೋದು. ಎಣ್ಣೆ ಇರೋ ಕಡೆ ಒತ್ತಡದ ಆಕ್ಸಿಜನ್ ಸೇರಿದರೆ ಬಾಂಬು ಕಣೋ. ನೈಟ್ರೋಜನ್ ತರೋಕೆ ಸೋಮಾರಿತನ ಪಟ್ಟು ಕೈಕಾಲು ಕಳ್ಕೊಂಡೋರಿದ್ದಾರೆ. ಹೊತ್ತಿಕೊಳ್ಳೋ ಗ್ಯಾಸಿನ ಸಿಲಿಂಡರುಗಳನ್ನ ಅಂಗಡಿಯಲ್ಲಿ ರಾಶಿ ಹಾಕಬೇಡ. ಅದಕ್ಕೆ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ಒಂದು ಮಿತಿ ದಾಟಿದರೆ ಸ್ಫೋಟಕಗಳ ಸುರಕ್ಷತೆ ನೋಡ್ಕೊಳ್ಳೋ ಪೆಸೋ ಸಂಸ್ಥೆಯ ಲೈಸೆನ್ಸ್ ಬೇಕು. ನಿನಗೆ ಒಂದೆರಡು ಸಾಕು. ಮಲಗೋ ಕೋಣೆಯಲ್ಲಂತೂ ಇಡಬೇಡ. ಒಂದು ಸಲ ಬಳಸಿ ಬಿಸಾಕೋ ಡಬ್ಬಿಗೆ ಮತ್ತೆ ಗ್ಯಾಸು ತುಂಬಿಸೋರ ಹತ್ತಿರ ಹೋಗಲೂಬೇಡ.

ಐಟಿಐ ಸರ್ಟಿಫಿಕೇಟ್ ಇದೆಯಲ್ಲ ನಿನ್ನ ಹತ್ರ, ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್, ಎರಡು ವರ್ಷದ್ದು? ಅದನ್ನ ಟ್ರಂಕಿನಿಂದ ತೆಗೆದು ಫ್ರೇಮ್ ಹಾಕಿಸು. ಇಲ್ಲದೋರು ಇನ್ನೂ ಕಲೀಬಹುದು. 2019ರಲ್ಲಿ ಕೇಂದ್ರ ಸರ್ಕಾರ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್ ಅಂತ ತಂತಲ್ಲ, ಅದರಲ್ಲಿ ಒಂದು ಲಕ್ಷ ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಡೋ ಗುರಿ ಇತ್ತು. ಗ್ಯಾಸು ಹೊರಗೆ ಬಿಡದೆ ಮರಳಿ ಹಿಡಿಯೋದು, ಹೊತ್ತಿಕೊಳ್ಳೋ ಗ್ಯಾಸಿನ ಜತೆ ಕೆಲಸ ಮಾಡೋದು ಅಲ್ಲಿ ಕಲಿಸೋ ವಿಷಯ. ನಲವತ್ತು ದಾಟಿದ ಮೆಕ್ಯಾನಿಕ್ಕುಗಳು ‘ನಮಗ್ಯಾಕೆ ಪಾಠ’ ಅಂತಾರೆ. ನಿನಗೆ ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ, ಹೋಗಿ ಕೂತ್ಕೋ.

ಈಗ ಜಿಎಸ್‌ಟಿ. ಈ ಪದ ಬಂದ ಕೂಡಲೇ ನಿನ್ನ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು. 2025ರ ಜುಲೈನಲ್ಲಿ ಏನಾಯ್ತು ಅಂತ ನಿನಗೇ ಗೊತ್ತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆಲ್ಲ ನೋಟಿಸು ಕಳಿಸಿತು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ರಟ್ಟು ನೇತಾಡಿದವು. ಅಂದು ಬೆಚ್ಚಿದೋರಲ್ಲಿ ಬಹಳ ಜನರಿಗೆ ಮಿತಿ ಎಷ್ಟು ಅನ್ನೋದೇ ಗೊತ್ತಿರಲಿಲ್ಲ. ನೀನು ತಿಳ್ಕೋ. ಬರೀ ಸಾಮಾನು ಮಾರೋನಿಗೆ ವರ್ಷಕ್ಕೆ 40 ಲಕ್ಷ. ಸೇವೆ ಕೊಡೋನಿಗೆ 20 ಲಕ್ಷ. ನೀನು ಸರ್ವೀಸ್ ಮಾಡೋನು, ಹಾಗಾಗಿ ನಿನ್ನದು 20 ಲಕ್ಷದ ಗೆರೆ. ತಾಮ್ರದ ಪೈಪು, ಗ್ಯಾಸು, ಗಿರಾಕಿಗೆ ತರಿಸಿಕೊಟ್ಟ ಯಂತ್ರ, ಎಲ್ಲದರ ಬಿಲ್ಲೂ ಅದೇ ಮೊತ್ತಕ್ಕೆ ಸೇರುತ್ತೆ. ಲಾಭ ಅಲ್ಲ, ಒಟ್ಟು ವಹಿವಾಟು. ಎರಡು ಆಫೀಸಿಗೆ ಎ.ಸಿ. ಕೂರಿಸಿಕೊಟ್ಟರೆ ಸಾಕು, ಗೆರೆ ಕಾಲಿಗೆ ತಾಗುತ್ತೆ.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಮಾನ್ಯತಾ ಪಾರ್ಕಿನ ಕಡೆ ಆಫೀಸು ಕೆಲಸ ಬೇಕು ಅಂದರೆ ಜಿಎಸ್‌ಟಿ ನಂಬರ್ ಇಲ್ಲದೆ ಗೇಟಿನ ಒಳಗೂ ಬಿಡಲ್ಲ. ಅವರು ಬಿಲ್ಲಿನಲ್ಲಿ ಶೇ 1 ಟಿಡಿಎಸ್ ಹಿಡಿದು ಕೊಡ್ತಾರೆ. ಕಳ್ಳತನ ಅಂತ ಜಗಳ ಆಡಬೇಡ, ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತೆ. ಒಳ್ಳೇ ಸುದ್ದಿಯೂ ಒಂದಿದೆ. ಎ.ಸಿ. ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಯ್ತು. ಗಿರಾಕಿಗೆ ಹಳೇ ದರ ಹೇಳಿ ಹೆದರಿಸಬೇಡ, ಹೊಸ ದರ ಹೇಳಿ ಮೆಚ್ಚಿಸು.

ಉದ್ಯಮ್ ನೋಂದಣಿ ಅಂತ ಇನ್ನೊಂದಿದೆ. ಪುಕ್ಕಟೆ. ಆಧಾರ್ ಇದ್ದರೆ ಕೂತಲ್ಲೇ ಆಗುತ್ತೆ. ಗೂಗಲ್ಲಲ್ಲಿ ಹುಡುಕಿದರೆ ಎರಡು ಸಾವಿರ, ಮೂರು ಸಾವಿರ ಕೇಳೋ ನಕಲಿ ಸೈಟುಗಳು ಮೊದಲು ಬರ್ತವೆ, ಎಚ್ಚರ. ಇದರ ನಿಜವಾದ ಉಪಯೋಗ ಸಾಲಕ್ಕಿಂತ ವಸೂಲಿಗೆ. ನೀನು ಒಂದು ಕಂಪನಿಗೆ ವರ್ಷದ ನಿರ್ವಹಣೆ ಕರಾರಿನ (ಎಎಂಸಿ) ಕೆಲಸ ಮಾಡಿದೆ, ಅವರು ‘ಮುಂದಿನ ತಿಂಗಳು, ಮುಂದಿನ ತಿಂಗಳು’ ಅಂತ ಸತಾಯಿಸ್ತಿದ್ದಾರೆ. ಸಣ್ಣ ಉದ್ದಿಮೆಯೋರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಅಂತ ಕಾಯ್ದೆ ಇದೆ. ಆದರೆ ಕೆಲಸಕ್ಕೆ ಮುಂಚೆ ನೋಂದಣಿ ಆಗಿರಬೇಕು. ದುಡ್ಡು ಮುಳುಗಿದ ಮೇಲೆ ನೋಂದಣಿ ಮಾಡಿಸ್ತೀನಿ ಅಂದರೆ ನಡೆಯಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ಇಂಥ ಕಡೆಯೇ ಗೊತ್ತಾಗೋದು.

ಸಾಲ ಬೇಕೇ ಬೇಕು ಅಂದರೆ ಮುದ್ರಾ ಇದೆ. ಶಿಶು ಅಂದರೆ ₹50,000ದವರೆಗೆ, ಕಿಶೋರ್ ಅಂದರೆ 5 ಲಕ್ಷದವರೆಗೆ. ನಿನ್ನ ಮೊದಲ ವರ್ಷಕ್ಕೆ ಶಿಶುವೇ ಸಾಕು, ಹೆಸರೂ ಒಪ್ಪುತ್ತೆ. ವ್ಯಾನು ಬೇಕು ಅಂತ ಕುಣೀಬೇಡ. ಸ್ಕೂಟರಿಗೆ ಏಣಿ ಕಟ್ಟಿಕೊಂಡು ಇಡೀ ಉತ್ತರ ಬೆಂಗಳೂರನ್ನ ತಣ್ಣಗೆ ಮಾಡಿದೋರಿದ್ದಾರೆ.

ಇಷ್ಟೆಲ್ಲ ಕೇಳಿ ‘ಕಾಗದಕ್ಕೇ ದುಡ್ಡೆಲ್ಲ ಹೋಯ್ತಲ್ಲ ತಾತ’ ಅಂತ ಗೊಣಗ್ತಿದ್ದೀಯ. ಇಲ್ಲ ಮರಿ. ಕಾಗದ ಅಗ್ಗ. ದುಬಾರಿ ಅಂದರೆ ನೀನು ಮೊದಲ ದಿನವೇ ಹೇಳೋ ಕಡಿಮೆ ರೇಟು. ಬಾ, ಕೂತು ಲೆಕ್ಕ ಹಾಕೋಣ.

ಒಂದು ಸರ್ವೀಸಿಗೆ ₹600 ಅಂತ ಇಟ್ಟುಕೋ. ಯಲಹಂಕದಿಂದ ಆರ್‌.ಟಿ.ನಗರಕ್ಕೆ ಹೋಗಬೇಕು. ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ಕೆರೆ ನೋಡ್ತಾ ಕೂರೋ ಹೊತ್ತನ್ನ ಯಾರೂ ಕೊಡಲ್ಲ. ಪೆಟ್ರೋಲು 60 ಹಿಡಿ. ಹೆಲ್ಪರಿಗೆ ಆ ಕೆಲಸದ ಪಾಲು 150. ಜೆಟ್ ಪಂಪು, ಕೆಮಿಕಲ್ಲು, ಸವಕಳಿ 40. ಅಂಗಡಿ ಬಾಡಿಗೆ ತಿಂಗಳಿಗೆ 12,000, ತಿಂಗಳಿಗೆ ಅರವತ್ತು ಕೆಲಸ ಆದರೆ ಒಂದರ ಮೇಲೆ 200 ಬಿತ್ತು. ಒಟ್ಟು 450. ನಿನಗೆ ಉಳಿದದ್ದು 150. ಅದರಲ್ಲಿ ಫೋನು, ಕಾಗದ, ತೆರಿಗೆ, ಮಳೆಗಾಲದ ಖಾಲಿ ತಿಂಗಳು. ಹತ್ತರಲ್ಲಿ ಒಂದು ಕೆಲಸಕ್ಕೆ ‘ಮತ್ತೆ ನೀರು ಸೋರ್ತಿದೆ’ ಅಂತ ಪುಕ್ಕಟೆ ಇನ್ನೊಂದು ಸಲ ಹೋಗಬೇಕು. ಈಗ ಹೇಳು, ಪಕ್ಕದ ರಸ್ತೆಯೋನು 400ಕ್ಕೆ ಮಾಡ್ತಾನೆ ಅಂತ ನೀನು 399 ಅಂತ ಹಾಕಿಸಿದ್ದೀಯಲ್ಲ ಇನ್‌ಸ್ಟಾಗ್ರಾಂನಲ್ಲಿ, ಯಾವ ಲೆಕ್ಕದಲ್ಲಿ?

ಹಾಗೆ ಹಾಕಿದೋನು ಮುಂದೆ ಏನು ಮಾಡ್ತಾನೆ ಗೊತ್ತಾ? ಸರ್ವೀಸಿಗೆ ಹೋಗಿ ‘ಗ್ಯಾಸ್ ಕಮ್ಮಿ ಇದೆ ಸಾರ್’ ಅಂತಾನೆ. ಹುಟ್ಟು ಕಳ್ಳನಲ್ಲ ಅವನು, ಬಾಡಿಗೆ ಹುಟ್ಟಲಿಲ್ಲ, ಅದಕ್ಕೆ. ಗ್ಯಾಸು ಅಂದರೆ ಪೆಟ್ರೋಲಲ್ಲ, ಓಡಿದ ಹಾಗೆ ಖರ್ಚಾಗಲ್ಲ. ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರ್ತಿದೆ ಅಂತ. ಸೋರೋ ಜಾಗ ಹುಡುಕದೆ ಗ್ಯಾಸು ತುಂಬಿದರೆ ಮುಂದಿನ ವರ್ಷ ಮತ್ತೆ ಕರೀತಾರೆ, ಅದರ ಮುಂದಿನ ವರ್ಷ ಬೇರೆಯೋರನ್ನ ಕರೀತಾರೆ. ಗಿರಾಕಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ನಿನ್ನ ಹತ್ರ ಬಿಲ್ಲಿನ ಕಾರ್ಬನ್ ಕಾಪಿ ಇದ್ದರೆ ಮಾತಾಡಬಹುದು, ಇಲ್ಲದಿದ್ದರೆ ಬಾಯಿ ಕಟ್ಟಿದ ಹಾಗೆ. ಬಿಲ್ಲಿನಲ್ಲಿ ಬರೀ ‘ಸರ್ವೀಸ್’ ಅಂತ ಬರೀಬೇಡ. ಮಾಡಲ್, ಯಾವ ಗ್ಯಾಸು, ಎಷ್ಟು ಗ್ರಾಂ, ಎಷ್ಟು ದಿನದ ವಾರಂಟಿ, ಯಾವುದಕ್ಕೆ ವಾರಂಟಿ ಇಲ್ಲ, ಎಲ್ಲ ಬರಿ. ಅಕ್ಷರ ದುಂಡಗಿಲ್ಲದಿದ್ದರೂ ಪರವಾಗಿಲ್ಲ.

ಹೆಲ್ಪರ್ ಹುಡುಗನ ವಿಷಯಕ್ಕೆ ಬರ್ತೀನಿ. ರಾಯಚೂರಿನೋನೋ, ಒಡಿಶಾದೋನೋ, ಯಾರೋ ತಾಯಿ ಕಳಿಸಿಕೊಟ್ಟಿರ್ತಾಳೆ. ನಾಲ್ಕನೇ ಮಹಡಿಯ ಕಿಟಕಿಯಿಂದ ಹೊರಗೆ ಸಜ್ಜಾ ಮೇಲೆ ಇಳಿಸಿ ‘ಹಿಡ್ಕೊಳೋ ಔಟ್‌ಡೋರ್ ಯೂನಿಟ್ಟು’ ಅಂತ ನೀನು ಒಳಗೆ ನಿಂತಿರ್ತೀಯ. ಬೆಲ್ಟ್ ಕೇಳಿದರೆ ‘ಎರಡು ನಿಮಿಷದ ಕೆಲಸ’. ಎರಡೇ ನಿಮಿಷ ಸಾಕು ಬೀಳೋಕೆ. ಬೆಲ್ಟಿಲ್ಲದೆ ಹೊರಗೆ ಇಳಿಯೋದಿಲ್ಲ ಅಂತ ನಿನ್ನ ಅಂಗಡಿಯ ಕಟ್ಟುಪಾಡಾಗಲಿ, ಗಿರಾಕಿ ಮುಖ ಸಿಂಡರಿಸಿದರೂ ಸರಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ ₹20, ಅಪಘಾತಕ್ಕೆ 2 ಲಕ್ಷ. ಅವನ ಬ್ಯಾಂಕ್ ಖಾತೆಯಲ್ಲಿ ಮಾಡಿಸಿಕೊಡು, ದುಡ್ಡು ನೀನು ಕೊಡು. ಅದೊಂದೇ ಸಾಲದು, ಹೆಚ್ಚಿನ ಮೊತ್ತದ ಅಪಘಾತ ವಿಮೆಯೂ ಇರಲಿ. ಕೆಲಸಗಾರರು ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಆ ದಿನ ಬೇಗ ಬರಲಿ ಅಂತ ಹರಸ್ತೀನಿ, ಆದರೆ ಒಂಬತ್ತಕ್ಕೇ ನಿಲ್ಲಿಸಿ ಹತ್ತನೆಯೋನನ್ನ ರಿಜಿಸ್ಟರಿಂದ ಬಚ್ಚಿಡೋ ಬುದ್ಧಿ ಬೇಡ.

ಅಪಾರ್ಟ್‌ಮೆಂಟ್‌ಗಳ ಬಗ್ಗೆ ಒಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಹೆಬ್ಬಾಳದಿಂದ ಆಚೆ ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಬೆಳೆದು ನಿಂತಿವೆಯಲ್ಲ, ಅಲ್ಲಿ ಸಂಘದ ಕಾರ್ಯದರ್ಶಿಯೇ ಸರ್ಕಾರ. ಯಾವ ಗೋಡೆಗೆ ತೂತು, ಔಟ್‌ಡೋರ್ ಎಲ್ಲಿಡಬೇಕು, ಡ್ರೈನ್ ಪೈಪು ಯಾವ ಕಡೆ, ಡ್ರಿಲ್ಲಿಂಗು ಯಾವ ಹೊತ್ತಿಗೆ, ಎಲ್ಲಕ್ಕೂ ಅವರ ಅನುಮತಿ ಬೇಕು. ಫ್ಲಾಟಿನವರು ‘ನಮ್ಮ ಮನೆ, ನಮ್ಮ ಗೋಡೆ, ನೀವು ಹೊಡೀರಿ’ ಅಂತಾರೆ. ಹೊಡೀಬೇಡ. ವಾಟ್ಸಾಪಲ್ಲಾದರೂ ಸರಿ, ಬರಹದಲ್ಲಿ ಒಪ್ಪಿಗೆ ತರಿಸಿಕೋ. ಕೆಳಗಿನ ಮನೆಯ ಬಾಲ್ಕನಿಗೆ ನೀರು ತೊಟ್ಟಿಕ್ಕಿಸಿದೋನನ್ನ ಆ ಗೇಟಿನ ಸೆಕ್ಯೂರಿಟಿ ಎರಡನೇ ಸಲ ಒಳಗೆ ಬಿಡಲ್ಲ. ಸೆಕ್ಯೂರಿಟಿಯೋರನ್ನ ಅಣ್ಣಾ ಅಂತ ಕರಿ, ರೇಗಬೇಡ. ಬಿಸಿಲಲ್ಲಿ ನಿಂತಿರೋರು ಅವರು, ಎ.ಸಿ. ಇರೋದು ಬೇರೆಯವರಿಗೆ.

ಮಳೆಗಾಲ, ಚಳಿಗಾಲದಲ್ಲಿ ಏನು ಮಾಡ್ತೀಯ ಅಂತ ಯೋಚಿಸಿದ್ದೀಯಾ? ನಮ್ಮೂರಲ್ಲಿ ಹೀಟಿಂಗ್ ಅಂದರೆ ಸ್ನಾನದ ಮನೆ. ಗೀಸರು, ಸೋಲಾರು. ಮನೆ ಕಟ್ಟೋರಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಅಂತ 2007ರಲ್ಲೇ ಆದೇಶ ಬಂತು, ಅದಕ್ಕೇ ವಿದ್ಯಾರಣ್ಯಪುರದ ತಾರಸಿಗಳ ಮೇಲೆಲ್ಲ ಟ್ಯಾಂಕುಗಳು. ಬೋರ್‌ವೆಲ್ಲಿನ ಗಡಸು ನೀರು ಕಾಯಿಲಿಗೆ ಸುಣ್ಣ ಕಟ್ಟುತ್ತೆ, ನವೆಂಬರ್ ಬಂದರೆ ‘ನೀರು ಕಾಯ್ತಿಲ್ಲ’ ಅಂತ ಕರೆ ಶುರು. ಆ ಕೆಲಸವನ್ನ ಕೀಳು ಅಂತ ಬಿಡಬೇಡ. ಅಂಗಡಿ ಬಾಡಿಗೆಗೆ ಚಳಿಗಾಲ ಗೊತ್ತಿಲ್ಲ. ಯಶವಂತಪುರ, ಪೀಣ್ಯದ ಕಡೆ ಡೀಪ್ ಫ್ರೀಜರು, ಚಿಲ್ಲರು, ಕೋಲ್ಡ್ ರೂಮು ವರ್ಷವಿಡೀ ಓಡ್ತವೆ. ಅಲ್ಲಿ ಎರಡು ಎಎಂಸಿ ಹಿಡಿದೋನಿಗೆ ಜುಲೈ ತಿಂಗಳೂ ಊಟ ಹಾಕುತ್ತೆ.

ಇನ್ನು ನವೀಕರಣ. ಪಾಲಿಕೆಯ ವರ್ಷ ಏಪ್ರಿಲ್‌ನಿಂದ ಮಾರ್ಚಿವರೆಗೆ. ಅಂದರೆ ಟ್ರೇಡ್ ಲೈಸೆನ್ಸ್ ಮುಗಿಯೋದು ಸರಿಯಾಗಿ ನಿನ್ನ ಸೀಸನ್ ಶುರುವಾಗೋ ಹೊತ್ತಿಗೆ. ಫೆಬ್ರವರಿಯಲ್ಲೇ ಕಟ್ಟಿಬಿಡು, ರಸೀದಿ ಗೋಡೆಗೆ ಅಂಟಿಸು. ನಾಳೆ ಬೆಳಿಗ್ಗೆ ಕರಾರು ಪತ್ರದ ಕರಡು, ಮಾಲೀಕರ ಖಾತೆ ಜೆರಾಕ್ಸು, ಹೊಸ ರೇಟ್ ಕಾರ್ಡು ತಗೊಂಡು ಬಾ, ಓದಿ ನೋಡ್ತೀನಿ. ರೇಟ್ ಕಾರ್ಡಲ್ಲಿ ಇನ್ನೂ 399 ಇದ್ದರೆ ಕಾಫಿ ಇಲ್ಲ ನಿನಗೆ.